ನಮ್ಮ ತಂಡ ಚೆನ್ನಾಗಿ ಆಡಲಿಲ್ಲ

ಎಲ್ಲದಕ್ಕೂ ಮೂಲ ಒಂದು ನಗು. ಅದೇನು ಹೊಟ್ಟೆ ಹಿಡಿದುಕೊಂಡು ನಕ್ಕ ನಗುವಲ್ಲ. ಪಕ್ಕದವರು ಬರೆಯುತ್ತಿರುವುದನ್ನು ಓರೆಗಣ್ಣಿನಲ್ಲಿ ಓದಿ ಮೂಗಿನಿಂದ ಹೊರಗೆ ಬಿಡುತ್ತಾರಲ್ಲ, ಅಂಥದ್ದು.

ಶನಿವಾರ ಸಂಜೆ ಊರಿನ ಫುಟ್‌ಬಾಲ್ ಮೈದಾನದಲ್ಲಿ ಪತ್ರಿಕೆಯವರಿಗೆಂದು ಹಾಕಿದ್ದ ಬೆಂಚಿನ ಮೇಲೆ ಇಬ್ಬರು ಕುಳಿತಿದ್ದರು. ಒಬ್ಬ ನಮ್ಮ ಊರಿನ ದಿನಪತ್ರಿಕೆಯ ಕ್ರೀಡಾ ವರದಿಗಾರ. ಈ ಕತೆ ಅವನದು. ಇನ್ನೊಬ್ಬ ಪಕ್ಕದೂರಿನ ಪತ್ರಿಕೆಯವನು. ಆಗಷ್ಟೇ ಪಕ್ಕದೂರಿನ ತಂಡ ನಮ್ಮ ತಂಡಕ್ಕೆ ಆರು ಗೋಲು ಹೊಡೆದು ಮುಗಿಸಿತ್ತು. ನಮ್ಮವರು ಹೊಡೆದದ್ದು ಸೊನ್ನೆ. ಕೊನೆಯ ಸೀಟಿ ಊದುತ್ತಿದ್ದ ಹಾಗೆ ನಮ್ಮ ವರದಿಗಾರ ಅಭ್ಯಾಸಬಲದಿಂದ ಪೆನ್ನು ತೆಗೆದು, 'ಕೂದಲೆಳೆಯಲ್ಲಿ ಗೆಲುವು ತಪ್ಪಿಸಿಕೊಂಡ ನಮ್ಮ ವೀರರು' ಎಂದು ತಲೆಬರಹ ಬರೆದ. ಪಕ್ಕದವನು ಅದನ್ನು ಓದಿದ. ಆಗ ಬಂದದ್ದು ಆ ನಗು.

"ಅಲ್ಲ ಸಾರ್, ಅದ್ಯಾರ ತಲೆ ಕೂದಲು? ಆರು ಗೋಲಿನಷ್ಟು ದಪ್ಪ ಇದೆಯಲ್ಲ!"

ನಮ್ಮ ವರದಿಗಾರನ ಕಿವಿ ಕೆಂಪಾಯಿತು. ಕಾಗದವನ್ನು ಮಡಚಿ ಜೇಬಿಗೆ ತುರುಕಿಕೊಂಡು ಎದ್ದ.

ಆ ಪತ್ರಿಕೆಯ ರಿವಾಜನ್ನು ಇಲ್ಲಿ ಹೇಳಿಬಿಡಬೇಕು. ಅದರಲ್ಲಿ ಊರಿನ ತಂಡ ಸೋತಿತು ಎಂಬ ಮಾತು ಎಂದೂ ಅಚ್ಚಾಗಿರಲಿಲ್ಲ. ಗಾಳಿ ಎದುರಾಗಿ ಬೀಸುತ್ತಿತ್ತು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಹುಲ್ಲು ಒದ್ದೆಯಾಗಿತ್ತು, ಒಣಗಿದ್ದರೆ ತೀರಾ ಒಣಗಿತ್ತು. ರೆಫರಿಗೆ ದೃಷ್ಟಿದೋಷವಿತ್ತು. ಎದುರಾಳಿಗಳು ಅನ್ಯಾಯವಾಗಿ ಎತ್ತರವಿದ್ದರು. ಒಮ್ಮೆ ಎದುರಾಳಿಗಳ ಬಸ್ಸು ದಾರಿಯಲ್ಲಿ ಕೆಟ್ಟು ಅವರು ಬರಲೇ ಇಲ್ಲ. ಮರುದಿನ 'ನಮ್ಮವರ ಹೆಸರು ಕೇಳಿಯೇ ದಿಕ್ಕಾಪಾಲು' ಎಂದು ಅಚ್ಚಾಗಿತ್ತು. ಇಷ್ಟನ್ನೂ ವರ್ಷಗಟ್ಟಲೆ ಬರೆದವನು ಇದೇ ನಮ್ಮ ವರದಿಗಾರ. ಚೆಂಡಿನಾಟವೆಂದರೆ ಪ್ರಾಣ ಬಿಡುವ ಮನುಷ್ಯ, ಆಟವನ್ನು ಕಣ್ಣಿನಲ್ಲಿ ಕಣ್ಣಿಟ್ಟು ನೋಡಿ, ನೋಡಿದ್ದನ್ನೆಲ್ಲ ನುಂಗಿಕೊಂಡು, ಆಫೀಸಿಗೆ ಹೋಗಿ ಗಾಳಿಯ ಬಗ್ಗೆ ಬರೆಯುತ್ತಿದ್ದ. ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇದೆಯೇ?

ಅಂದು ಮಾತ್ರ ಆಫೀಸಿಗೆ ಹೋಗುವ ದಾರಿಯುದ್ದಕ್ಕೂ ಆ ಮೂಗಿನ ನಗು ಅವನ ಹಿಂದೆಯೇ ಬಂತು. ಕುರ್ಚಿಯಲ್ಲಿ ಕೂರುವ ಹೊತ್ತಿಗೆ ಸಿಟ್ಟು ನೆತ್ತಿಗೇರಿತ್ತು. ತಲೆಬರಹ ಹೊಡೆದುಹಾಕಿ ಬರೆದ: 'ನಮ್ಮ ತಂಡ ನಿನ್ನೆ ಸೋತಿತು. ಕಾರಣ, ಚೆನ್ನಾಗಿ ಆಡಲಿಲ್ಲ. ನಾಲ್ಕನೆಯ ಗೋಲು ಒಳಗೆ ಹೋದಾಗ ನಮ್ಮ ಗೋಲ್‌ಕೀಪರ್ ಪ್ರೇಕ್ಷಕರ ಕಡೆ ಕೈಬೀಸುತ್ತಿದ್ದರು.' ಬರೆದು ಓದಿಕೊಂಡಾಗ ಎಷ್ಟೋ ಕಾಲದಿಂದ ಕಾಲಿಗೆ ಕಚ್ಚುತ್ತಿದ್ದ ಬೂಟು ಕಳಚಿದಂಥ ಹಿತವಾಯಿತು. ಸಂಪಾದಕರು ಹಲ್ಲುನೋವೆಂದು ಬೇಗ ಮನೆಗೆ ಹೋಗಿದ್ದರು. ರಾತ್ರಿ ಪುಟ ಕಟ್ಟುವವರು ಕ್ರೀಡಾ ವರದಿಯನ್ನು ಓದುವ ಗೋಜಿಗೇ ಹೋಗುತ್ತಿರಲಿಲ್ಲ, ಅದರಲ್ಲಿ ಏನಿರುತ್ತದೆಂದು ಅವರಿಗೆ ಮೊದಲೇ ಗೊತ್ತಿತ್ತು. ಹಾಗಾಗಿ ಭಾನುವಾರ ಬೆಳಿಗ್ಗೆ ನಿಜ ಮನೆಮನೆಯ ಬಾಗಿಲಿಗೆ ಬಂದು ಬಿತ್ತು.

ಮೊದಲು ಬಿದ್ದದ್ದು ಅವನ ಮನೆಯ ಬಾಗಿಲಿಗೇ.

ಎದ್ದು ಅಡುಗೆಮನೆಗೆ ಬಂದರೆ ಒಲೆ ತಣ್ಣಗಿತ್ತು. ಹೆಂಡತಿ ಪೇಪರನ್ನು ಮೇಜಿನ ಮೇಲೆ ಹರಡಿಕೊಂಡು, ಎರಡೂ ಕೈ ಸೊಂಟದ ಮೇಲಿಟ್ಟು ನಿಂತಿದ್ದಳು.

"ಚಹಾ ಇಲ್ವಾ?" ಎಂದ.

"ಇಲ್ಲ. ಕಾರಣ, ಮಾಡಿಲ್ಲ."

ನಿಜ ಬರೆಯುವ ಉತ್ಸಾಹದಲ್ಲಿ ಒಂದು ವಿಚಾರವನ್ನು ಅವನು ಗಮನಕ್ಕೆ ತಂದುಕೊಂಡಿರಲಿಲ್ಲ. ಆ ಗೋಲ್‌ಕೀಪರ್ ಅವನ ಹೆಂಡತಿಯ ತಮ್ಮ, ಒಬ್ಬನೇ ತಮ್ಮ.

"ನನ್ನ ತಮ್ಮ ಕೈ ಬೀಸಿದ್ದು ಯಾರಿಗೆ ಅಂತ ಗೊತ್ತೇನ್ರೀ ನಿಮಗೆ? ನನಗೆ! ಅಷ್ಟು ಜನದ ಮಧ್ಯೆ ಅಕ್ಕನ್ನ ಗುರ್ತು ಹಿಡಿದು ಕೈ ಬೀಸಿದ. ಅಕ್ಕನ ಮೇಲೆ ಪ್ರೀತಿ ಇಟ್ಕೊಳ್ಳೋದೂ ತಪ್ಪಾ?"

"ತಪ್ಪು ಅಂತ ನಾನೆಲ್ಲಿ ಬರೆದೆ? ಕೈ ಬೀಸ್ತಿದ್ರು ಅಂತ ಬರೆದೆ. ಬೀಸಿದ್ನೋ ಇಲ್ವೋ?"

"ಬೀಸಿದ. ಅದನ್ನ ಊರಿಗೆಲ್ಲ ಹಂಚಬೇಕಿತ್ತಾ? ಆಗ್ಲೇ ಅಮ್ಮನ ಫೋನ್ ಬಂತು. 'ನಿನ್ನ ಗಂಡನಿಗೆ ನಾವೇನು ಅನ್ಯಾಯ ಮಾಡಿದ್ವಿ' ಅಂತ ಅಳ್ತಿದಾರೆ. ಏನಂತ ಹೇಳ್ಲಿ?"

"ಆರು ಗೋಲು ಬಿಟ್ಟಿದಾನೆ ಅಂತ ಹೇಳು!" ವರದಿಗಾರನಿಗೂ ರೇಗಿತು. "ನೀನೂ ಅಲ್ಲೇ ಕೂತಿದ್ಯಲ್ಲ. ಐದನೇ ಗೋಲಿಗೆ 'ಅಯ್ಯೋ ದಂಡಪಿಂಡ' ಅಂತ ಕೂಗಿದ್ಯಾರು?"

"ಅದು ನಾನು ಅಕ್ಕನಾಗಿ ಕೂಗಿದ್ದು," ಎಂದು ಅವಳು ಪೇಪರನ್ನು ನಾಲ್ಕಾಗಿ ಮಡಚಿದಳು. "ನೀವು ಇವತ್ತು ಅವನ ಹತ್ರ ಹೋಗಿ ತಪ್ಪಾಯ್ತು ಅನ್ನೋವರೆಗೂ ಈ ಒಲೆ ಹೊತ್ತೋದಿಲ್ಲ."

ಬರಿಹೊಟ್ಟೆಯಲ್ಲಿ ಹೊರಬಿದ್ದ ವರದಿಗಾರ ಗೇಟು ದಾಟುವ ಮೊದಲೇ ಎದುರು ಮನೆಯ ನಿವೃತ್ತ ಮೇಷ್ಟ್ರು ತಮ್ಮ ಕಾಂಪೌಂಡಿನ ಮೇಲಿಂದ ತಲೆ ಎತ್ತಿದರು. ಅವರು ಗಿಡಕ್ಕೆ ನೀರು ಹಾಕುತ್ತಿದ್ದರು. ಕೊಳವೆ ಕೈಯಲ್ಲಿ, ಕಣ್ಣು ಇವನ ಮೇಲೆ, ನೀರು ತಮ್ಮದೇ ಚಪ್ಪಲಿಯ ಮೇಲೆ.

"ಏನಪ್ಪಾ ಇದು! ಊರಿನ ಮಾನ ಹರಾಜು ಹಾಕ್ಬಿಟ್ಯಲ್ಲ!"

"ಮೇಷ್ಟ್ರೇ, ನಿನ್ನೆ ನೀವು ನನ್ನ ಹಿಂದಿನ ಸಾಲಲ್ಲೇ ಇದ್ರಿ. 'ಆ ಗೋಲ್‌ಕೀಪರ್ ಬದಲು ನಮ್ಮನೆ ಬಾಗಿಲು ತಂದು ನಿಲ್ಸಿ, ಅದಾದ್ರೂ ಒಂದೆರಡು ತಡೀತದೆ' ಅಂತ ಕೂಗಿದ್ದು ನೀವೇ ಅಲ್ವಾ?"

"ನಾನೇ. ಈಗಲೂ ಹೇಳ್ತೀನಿ. ಆದ್ರೆ ಬಾಯಲ್ಲಿ ಬೈಯೋದು ಬೇರೆ, ಅಚ್ಚಲ್ಲಿ ಬೈಯೋದು ಬೇರೆ. ನನ್ನ ಮಗ ಫೇಲಾದಾಗ ನಾನು ಬಾರಿಸ್ಲಿಲ್ವಾ? ಬಾರಿಸಿದೆ. ಹಾಗಂತ ಬೀದಿ ಬಾಗಿಲಿಗೆ ಬೋರ್ಡು ಹಾಕಿದ್ನಾ?"

ಮೇಷ್ಟ್ರಿಗೆ ಇದು ಎಷ್ಟು ಸರಿಯೆನಿಸಿತೆಂದರೆ ಅದನ್ನೇ ಮತ್ತೆರಡು ಸಲ, ಪಕ್ಕದ ಮನೆಗಳಿಗೂ ಕೇಳುವಂತೆ ಹೇಳಿದರು. ಬಾಗಿಲುಗಳು ತೆರೆದವು. ನಿನ್ನೆ ಮೈದಾನದಲ್ಲಿ ಗಂಟಲು ಹರಿಯುವಂತೆ ಬೈದಿದ್ದ ಮುಖಗಳೆಲ್ಲ ಈಗ ಪೇಪರು ಹಿಡಿದುಕೊಂಡು, ಅವಮಾನ ಹೊತ್ತು ನಿಂತಿದ್ದವು. ನೋಡಿದ ಯಾರಿಗಾದರೂ ಮೈ ಉರಿಯಬೇಕು. ಆರು ಗೋಲು ಬಿಟ್ಟವರ ಮೇಲೆ ಯಾರಿಗೂ ಸಿಟ್ಟಿಲ್ಲ, ಆರು ಎಂದು ಎಣಿಸಿದವನ ಮೇಲೆ ಸಿಟ್ಟು!

ಭಾನುವಾರವಾದ್ದರಿಂದ ಗಡ್ಡ ಹೆರೆಸಿಕೊಳ್ಳೋಣ, ಕ್ಷೌರದಂಗಡಿಯಲ್ಲಿ ಕಣ್ಣು ಮುಚ್ಚಿ ಕುಳಿತರೆ ತಲೆಯೂ ತಣ್ಣಗಾದೀತು ಎಂದುಕೊಂಡು ಅವನು ಬೀದಿ ಕೊನೆಗೆ ಹೋದ. ಕ್ಷೌರಿಕ ಎಂದಿನಂತೆ ಕುತ್ತಿಗೆಗೆ ಬಟ್ಟೆ ಸುತ್ತಿ, ನೊರೆ ಹಚ್ಚಿ, ಎಡಗೆನ್ನೆಯನ್ನು ಮುಗಿಸಿದ. ಬಲಗೆನ್ನೆಗೆ ಬರುವ ಮೊದಲು ಕತ್ತಿ ಒರೆಸಲು ಒಂದು ಪೇಪರು ಹರಿದುಕೊಂಡ. ಅದು ಕ್ರೀಡಾ ಪುಟ.

ಓದಿದ. ಮತ್ತೊಮ್ಮೆ ಓದಿದ. ಕತ್ತಿಯನ್ನು ಮಡಚಿಟ್ಟ.

"ಎದ್ದೇಳಿ ಸಾರ್."

"ಇನ್ನೊಂದು ಕಡೆ ಆಗಿಲ್ವಲ್ಲಯ್ಯಾ!"

"ಆಗಲ್ಲ. ಈ ಕುರ್ಚೀಲಿ ಇಡೀ ತಂಡದ ಹುಡುಗರು ಕೂತ್ಕೋತಾರೆ. ನಮ್ಮ ಸೆಂಟರ್ ಫಾರ್ವರ್ಡ್ ಮದುವೆಗೆ ಮುಂಚೆ ಇಲ್ಲೇ ತಲೆ ಮಾಡಿಸ್ಕೊಂಡಿದ್ದು. ಇಂಥ ಕುರ್ಚೀಲಿ ನಿಮ್ಮಂಥೋರನ್ನ ಕೂರಿಸಿದ್ದೇ ನನ್ನ ತಪ್ಪು."

"ನಿನ್ನೆ ನೀನು ಆ ಸೆಂಟರ್ ಫಾರ್ವರ್ಡ್‌ಗೆ ನೀರಿನ ಬಾಟ್ಲಿ ಎಸೆದ್ಯಲ್ಲ!"

"ಎಸೆದೆ. ಖಾಲಿ ಬಾಟ್ಲಿ. ತುಂಬಿದ್ದು ಎಸೆಯೋಕೆ ಮನಸ್ಸು ಬರಲಿಲ್ಲ, ನಮ್ಮ ಹುಡುಗ ಅಲ್ವಾ ಸಾರ್?" ಅವನು ನೊರೆಯನ್ನು ಟವಲಿನಿಂದ ಒರೆಸಿ ವರದಿಗಾರನನ್ನು ಬೀದಿಗೆ ಬಿಟ್ಟ.

ಹೀಗೆ ಅರ್ಧ ಮುಖ ನುಣ್ಣಗೆ, ಅರ್ಧ ಮುಖ ಮುಳ್ಳುಮುಳ್ಳಾಗಿ ನಮ್ಮ ವರದಿಗಾರ ಪತ್ರಿಕೆಯ ಕಚೇರಿ ತಲುಪಿದ. ಅಲ್ಲಿ ಸಂಪಾದಕರು ಒಂದು ಕೆನ್ನೆ ಊದಿಸಿಕೊಂಡು, ಅದಕ್ಕೆ ಮಂಜುಗಡ್ಡೆಯ ಗಂಟು ಒತ್ತಿಕೊಂಡು ಕುಳಿತಿದ್ದರು. ಎದುರಿನ ಕುರ್ಚಿಯಲ್ಲಿ ಬಟ್ಟೆ ಅಂಗಡಿಯ ಸಾಹುಕಾರರು. ಅವರು ತಂಡದ ಅಧ್ಯಕ್ಷರು. ಪತ್ರಿಕೆಯ ಕೊನೆಯ ಪುಟದಲ್ಲಿ ದಿನವೂ ಬರುವ ದೊಡ್ಡ ಜಾಹೀರಾತು ಅವರ ಅಂಗಡಿಯದೇ.

"ಬಂದ್ರಾ ಸತ್ಯವಂತರು," ಎಂದರು ಸಂಪಾದಕರು. ಹಲ್ಲುನೋವಿಗೆ ಮಾತು ಅರ್ಧ ನುಂಗಿಹೋದರೂ ಬೈಗುಳ ಪೂರ್ತಿ ಹೊರಬರುತ್ತಿತ್ತು. "ಒಂದು ದಿನ, ಒಂದೇ ಒಂದು ದಿನ ನಾನು ಬೇಗ ಮನೆಗೆ ಹೋದ್ರೆ ಹಿಂಗಾ ಮಾಡೋದು?"

"ಸಾರ್, ಸೋತಿದ್ದನ್ನ ಸೋತ್ರು ಅಂತ ಬರೆದೆ. ಮೈದಾನ ತುಂಬ ಜನ ಇದ್ರು, ಎಲ್ರೂ ನೋಡಿದಾರೆ."

"ನೋಡಿದ್ದನ್ನ ಮರೆಯೋಕೆ ಅಲ್ವೇನಯ್ಯಾ ಜನ ಬೆಳಿಗ್ಗೆ ಪೇಪರ್ ತಗೊಳ್ಳೋದು?"

ಸಾಹುಕಾರರು ಮುಂದೆ ಬಾಗಿದರು. "ಸೋಲು ಗೆಲುವು ಹಾಳಾಗಿ ಹೋಗ್ಲಿ. ಹುಡುಗರಿಗೆ ಹೊಸ ಅಂಗಿ ಹೊಲಿಸಿ ಕೊಟ್ಟಿದೀನಿ. ಅಂಗಿ ಬಗ್ಗೆ ಒಂದು ಮಾತಿಲ್ವಲ್ರೀ! ಹೋದ ಸಲ ಐದು ಗೋಲು ಬಿಟ್ಟಾಗ 'ಹಸಿರಂಗಿಯಲ್ಲಿ ಕಂಗೊಳಿಸಿದ ಕಲಿಗಳು' ಅಂತ ಎಷ್ಟು ಚೆನ್ನಾಗಿ ಬರೆದಿದ್ರಿ."

ವರದಿಗಾರನಿಗೆ ತಡೆಯಲಾಗಲಿಲ್ಲ. ಹೊಟ್ಟೆಯಲ್ಲಿ ಚಹಾ ಇಲ್ಲದಿದ್ದುದೂ ಒಂದು ಕಾರಣವಿರಬಹುದು. "ಏನ್ ಸಾರ್ ಇದು! ಅಪಘಾತ ಆದ್ರೆ ಅಪಘಾತ ಅಂತ ಬರೀತೀವಿ. ಕಳ್ಳತನ ಆದ್ರೆ ಕಳ್ಳತನ ಅಂತ ಬರೀತೀವಿ. ಸೇತುವೆ ಕುಸಿದ್ರೆ ಕಂಟ್ರಾಕ್ಟರನ್ನ ತೊಳೆದುಬಿಡ್ತೀವಿ. ಗೋಲು ಒಳಗೆ ಹೋದ್ರೆ ಮಾತ್ರ ಗಾಳಿ ಬೀಸ್ಬೇಕಾ? ನಾನು ಆಟ ನೋಡೋಕೆ ಹೋಗ್ತೀನೋ, ಹವಾಮಾನ ನೋಡೋಕೆ ಹೋಗ್ತೀನೋ? ಕಣ್ಣಾರೆ ಕಂಡಿದ್ದನ್ನ ಬರೆಯೋಕೆ ಆಗ್ದಿದ್ರೆ ನನ್ನ ಕಣ್ಣು ಯಾಕೆ, ನಾನು ಯಾಕೆ, ಆ ಬೆಂಚು ಯಾಕೆ?"

ಸಂಪಾದಕರು ಮಂಜುಗಡ್ಡೆಯನ್ನು ಮೇಜಿನ ಮೇಲಿಟ್ಟರು. ಅದು ಒಳ್ಳೆಯ ಲಕ್ಷಣವಲ್ಲ.

"ಕೇಳು. ಸಂಜೆ ಇದೇ ತಂಡಗಳ ಎರಡನೇ ಪಂದ್ಯ ಇದೆ. ಹೋಗು. ಸೋಲ್ಲಿ, ಗೆಲ್ಲಲಿ, ವರದಿಯ ಮೊದಲನೇ ಸಾಲು 'ನಿನ್ನೆಯ ವರದಿಗಾಗಿ ವಿಷಾದಿಸುತ್ತೇವೆ' ಅಂತ ಇರಬೇಕು. ಇಲ್ಲ ಅಂದ್ರೆ ನಾಳೆಯಿಂದ ನಿನಗೆ ಕ್ರೀಡಾ ಪುಟ ಇಲ್ಲ. ಮಾರುಕಟ್ಟೆ ಧಾರಣೆ ಬರ್ಕೊಂಡು ಬಿದ್ದಿರು."

"ಅಲ್ಲಾದ್ರೂ ನಿಜ ಬರೀಬಹುದಲ್ಲ ಸಾರ್."

"ಯಾರು ಹೇಳಿದ್ದು? ನಮ್ಮೂರ ಈರುಳ್ಳಿ ಬಗ್ಗೆ ಬರೆಯೋವಾಗ ಜೋಪಾನ," ಎಂದರು ಸಂಪಾದಕರು.

ಮೈದಾನಕ್ಕೆ ನಡೆಯುತ್ತ ವರದಿಗಾರ ಲೆಕ್ಕ ಹಾಕಿದ. ಚೆಂಡಿನಾಟವನ್ನು ಬಿಟ್ಟು ಅವನಿಗೆ ಬದುಕಿಲ್ಲ. ಆದರೆ ಇನ್ನೊಂದು ಸಲ ಗಾಳಿಯ ಬಗ್ಗೆ ಬರೆದರೆ, ಆಟ ನೋಡಲು ಕೂತಾಗ ತನಗೆ ತಾನೇ ಮುಖ ತೋರಿಸುವ ಹಾಗಿಲ್ಲ. ಕೊನೆಗೆ ತೀರ್ಮಾನಿಸಿದ. ಇಂದು ಏನು ಕಾಣುತ್ತದೋ ಅದನ್ನೇ ಬರೆಯುವುದು, ವಿಷಾದ ಗಿಷಾದ ಏನೂ ಇಲ್ಲ. ಹತ್ತು ಗೋಲು ಬಿಟ್ಟರೆ ಹತ್ತು ಬಿಟ್ಟರು ಎಂದು ಬರೆದು ಪುಟ ಕಳೆದುಕೊಳ್ಳುವುದು.

ಗೇಟಿನಲ್ಲಿ ವರ್ಷಗಳಿಂದ ಸಲಾಂ ಹೊಡೆದು ಒಳಗೆ ಬಿಡುತ್ತಿದ್ದ ಕಾವಲುಗಾರ ಇಂದು ಅಡ್ಡ ನಿಂತು ಪಾಸು ಕೇಳಿದ. ಪಾಸಿನ ಫೋಟೋ ನೋಡಿದ, ಮುಖ ನೋಡಿದ.

"ಫೋಟೋದಲ್ಲಿ ಮುಖ ಒಂದೇ ಥರ ಇದೆ. ನಿಮ್ಮದು ಎರಡು ಥರ ಇದೆ."

"ಆ ಕಡೆಯಿಂದ ನೋಡಪ್ಪಾ, ಗುರ್ತು ಸಿಗ್ತದೆ," ಎಂದು ಎಡಗೆನ್ನೆ ತಿರುಗಿಸಿ ತೋರಿಸಿ ಅವನು ಒಳಗೆ ನುಸುಳಿದ.

ಆಟಗಾರರ ಕೋಣೆಯ ಮುಂದೆ ಹಾದುಹೋಗದೆ ಬೆಂಚಿಗೆ ದಾರಿಯಿರಲಿಲ್ಲ. ಕೋಣೆಯ ಬಾಗಿಲಿಗೆ ಅವನ ವರದಿಯನ್ನು ಅಂಟಿಸಲಾಗಿತ್ತು. ಒಳಗಿನಿಂದ ತರಬೇತುದಾರರ ದನಿ ಕೇಳುತ್ತಿತ್ತು: "ಓದ್ರೋ! ಗಟ್ಟಿಯಾಗಿ ಓದ್ರೋ! ಇನ್ನೊಂದ್ಸಲ!" ಹನ್ನೊಂದು ಗಂಟಲುಗಳು ಒಟ್ಟಿಗೆ, ಪಾಠ ಒಪ್ಪಿಸಿದಂತೆ, "ಕಾರಣ, ಚೆನ್ನಾಗಿ ಆಡಲಿಲ್ಲ" ಎಂದು ಕೂಗಿದವು. ವರದಿಗಾರ ತಲೆ ತಗ್ಗಿಸಿ ಓಡಿದಂತೆ ನಡೆದ. ಬಾಗಿಲು ಧಡಾರನೆ ತೆರೆಯಿತು. ಮೊದಲು ಹೊರಬಂದವನು ಭಾವಮೈದುನ.

ಇಬ್ಬರ ಕಣ್ಣೂ ಸೇರಿದವು. "ಭಾವ" ಎಂದಷ್ಟೇ ಅಂದು, ಹಲ್ಲು ಕಚ್ಚಿ, ಕೈಗವುಸನ್ನು ಬಿಗಿದುಕೊಳ್ಳುತ್ತ ಅವನು ಮೈದಾನಕ್ಕೆ ಹೋದ.

ಬೆಂಚಿನ ಮೇಲೆ ಪಕ್ಕದೂರಿನವನು ಮೊದಲೇ ಬಂದು ಕುಳಿತಿದ್ದ. "ಓದಿದೆ ಸಾರ್. ನಿಮ್ಮದು ಗುಂಡಿಗೆ. ನಮ್ಮಲ್ಲಿ ಹೀಗೆ ಬರೆದ್ರೆ ಕಾಲು ಮುರೀತಾರೆ," ಎಂದು ಇವನ ಅರ್ಧ ಗಡ್ಡ ನೋಡಿ ತನ್ನ ಕೆನ್ನೆ ಸವರಿಕೊಂಡ.

ಆಟ ಶುರುವಾಯಿತು. ನಮ್ಮ ವರದಿಗಾರ ಇಷ್ಟು ವರ್ಷ ನೋಡಿದ್ದ ತಂಡ ಇದಲ್ಲ. ಇವರಿಗೆ ಏನೋ ಹಿಡಿದಿತ್ತು. ನಿನ್ನೆ ಚೆಂಡು ಬಂದರೆ ದಾರಿ ಬಿಡುತ್ತಿದ್ದವರು ಇಂದು ಚೆಂಡಿನ ಮೇಲೆ ಎಗರಿ ಬಿದ್ದರು. ಬೆವರು, ಕೆಸರು, ಕೂಗು. ಸೆಂಟರ್ ಫಾರ್ವರ್ಡ್ ಮೂವರನ್ನು ದಾಟಿ, ನಾಲ್ಕನೆಯವನನ್ನು ಬೆಪ್ಪು ಮಾಡಿ ಚೆಂಡನ್ನು ಬಲೆಗೆ ತೂರಿದ. ಗೋಲು! ಸಂಭ್ರಮಿಸುವುದನ್ನು ಬಿಟ್ಟು ಇಡೀ ತಂಡ ನೇರ ಪತ್ರಿಕೆಯವರ ಬೆಂಚಿನ ಮುಂದೆ ಓಡಿಬಂದು ನಿಂತಿತು.

"ಬರ್ಕೋ! ಚೆನ್ನಾಗಿ ಆಡಿಲ್ಲ ಅಂತ ಬರ್ಕೋ!"

ಎರಡನೆಯ ಗೋಲಿಗೂ ಬಂದರು. ಮೂರನೆಯದಕ್ಕೆ ಬರುವಾಗ ವರದಿಗಾರನೇ ಎದ್ದು ನಿಂತಿದ್ದ. ಆಟದ ಕೊನೆಗೆ ಪಕ್ಕದೂರಿನವರಿಗೆ ಪೆನಾಲ್ಟಿ ಸಿಕ್ಕಿತು. ಅವರ ಅತ್ಯಂತ ಬಲಿಷ್ಠ ಒದೆತಗಾರ ಬಂದು ನಿಂತ. ಗ್ಯಾಲರಿಯಲ್ಲಿ ಹೆಂಡತಿ ಎದ್ದು ನಿಂತು ಎರಡೂ ಕೈ ಎತ್ತಿ ತಮ್ಮನ ಕಡೆ ಬೀಸುತ್ತಿದ್ದುದು ವರದಿಗಾರನಿಗೆ ಕಂಡಿತು. ತಮ್ಮ ಅತ್ತ ತಿರುಗಲಿಲ್ಲ. ಚೆಂಡು ಬಂತು. ಹುಡುಗ ಎಡಕ್ಕೆ ಹಾರಿ, ಗಾಳಿಯಲ್ಲಿ ಮಲಗಿ, ಬೆರಳ ತುದಿಯಿಂದ ಅದನ್ನು ಕಂಬದಾಚೆ ತಳ್ಳಿದ.

ವರದಿಗಾರ ಬೆಂಚಿನ ಮೇಲೆ ಹತ್ತಿ ನಿಂತು ಕೂಗುತ್ತಿದ್ದ. ಏನು ಕೂಗಿದನೆಂದು ಅವನಿಗೇ ಗೊತ್ತಿಲ್ಲ. ಕಣ್ಣಿನಲ್ಲಿ ನೀರು ಬಂದಿತ್ತು. ಎಷ್ಟು ವರ್ಷಗಳಿಂದ ಅವನು ಬರೆಯಬೇಕೆಂದಿದ್ದ ಆಟ ಇದೇ! ಪಕ್ಕದೂರಿನವನು ಕಾಗದಕ್ಕೆ ಮೊಣಕೈ ಅಡ್ಡ ಹಿಡಿದು ಏನೋ ಗೀಚುತ್ತಿದ್ದ. ಮೊಣಕೈ ಸಂದಿಯಲ್ಲಿ 'ಎದುರುಗಾಳಿ' ಎಂಬ ಮಾತು ಇಣುಕುತ್ತಿತ್ತು. ನಮ್ಮ ವರದಿಗಾರನಿಗೆ ನಗಲೂ ಪುರುಸೊತ್ತಿರಲಿಲ್ಲ. ಅವನು ಆಫೀಸಿಗೆ ಓಡಿದ.

ಕುರ್ಚಿಯಲ್ಲಿ ಕುಳಿತವನು ತಲೆ ಎತ್ತದೆ ಬರೆದ. ವಿಷಾದದ ಸಾಲು ಬರೆಯಲಿಲ್ಲ, ಗಾಳಿ ಬಿಸಿಲುಗಳನ್ನು ಹತ್ತಿರ ಸೇರಿಸಲಿಲ್ಲ. ಕಂಡದ್ದನ್ನು ಕಂಡ ಹಾಗೆ, ಮನಸ್ಸು ತುಂಬಿ ಬರೆದ. ಸುಳ್ಳು ಹೇಳದೆ ಹೊಗಳುವ ಸುಖ ಅವನಿಗೆ ಮೊದಲ ಬಾರಿಗೆ ಸಿಕ್ಕಿತ್ತು. ಗೆದ್ದ ಮೇಲೆ ವಿಷಾದ ಯಾರು ಕೇಳುತ್ತಾರೆ, ಈಗ ಪುಟವೂ ಉಳಿಯಿತು, ಕಣ್ಣಿನ ಮರ್ಯಾದೆಯೂ ಉಳಿಯಿತು, ಒಲೆಯೂ ಹೊತ್ತಿತು ಎಂದುಕೊಂಡು ಸಂಪಾದಕರ ಮುಂದೆ ಹಾಳೆ ಇಟ್ಟ.

ಸಂಪಾದಕರು ಓದಿದರು. ಊದಿದ ಕೆನ್ನೆ ಇನ್ನಷ್ಟು ಊದಿತು.

"'ಅಮೋಘ ಆಟ'. 'ಸಿಂಹಗಳಂತೆ ಎರಗಿದರು'. 'ಗೋಲಿನ ಮುಂದೆ ಕೋಟೆಯಂತೆ ನಿಂತ ಕೀಪರ್'. ಅಯ್ಯೋ, ಇವತ್ತೂ ಸೋತ್ರೇನಯ್ಯಾ?"

"ಗೆದ್ರು ಸಾರ್! ಮೂರು ಸೊನ್ನೆ! ಬರೆದಿದೀನಲ್ಲ ಅಲ್ಲೇ!"

"ಓದಿದ್ರೆ ಹಾಗನ್ಸಲ್ವಲ್ಲ." ಅವರು ಎದ್ದು ಮೂಲೆಯಲ್ಲಿದ್ದ ಹಳೆಯ ಪೇಪರುಗಳ ರಾಶಿಯಿಂದ ಎರಡು ಎಳೆದರು. "ಇದು ನೋಡು, ಐದು ಗೋಲು ತಿಂದಾಗ ನೀನೇ ಬರೆದಿದ್ದು. 'ಅಮೋಘ ಆಟ'. ಇದು ನಾಲ್ಕು ತಿಂದಾಗ. 'ಸಿಂಹಗಳು'. ಅಲ್ಲೂ 'ಕೋಟೆಯಂತೆ ಕೀಪರ್'. ನಮ್ಮೂರಲ್ಲಿ ನೀನು 'ಅಮೋಘ' ಅಂದ್ರೆ ಸೋತ್ರು ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಇದನ್ನ ಹಾಕಿದ್ರೆ ಗೆದ್ದಿದ್ದನ್ನ ಯಾರೂ ನಂಬಲ್ಲ. ಮೂರು ಸೊನ್ನೆ ಅನ್ನೋದು ಅಚ್ಚಿನ ತಪ್ಪು ಅಂದ್ಕೋತಾರೆ."

ವರದಿಗಾರ ಹಳೆಯ ಪೇಪರುಗಳನ್ನು ತಿರುವಿ ನೋಡಿದ. ಇದ್ದಬದ್ದ ಒಳ್ಳೆಯ ಮಾತುಗಳನ್ನೆಲ್ಲ ಸೋಲುಗಳಿಗೆ ಸುರಿದು ಮುಗಿಸಿದ್ದ. ಗೆಲುವು ಬಂದಾಗ ಅವನ ಬಳಿ ಒಂದೂ ಉಳಿದಿರಲಿಲ್ಲ. ಅಷ್ಟರಲ್ಲಿ ತಂಡದ ಅಧ್ಯಕ್ಷರು, ಅವರ ಹಿಂದೆ ತರಬೇತುದಾರರು, ಇಬ್ಬರೂ ಮುಖವೆಲ್ಲ ನಗುವಾಗಿ ಒಳಗೆ ನುಗ್ಗಿದರು.

"ಎಲ್ಲಿ ನಮ್ಮ ಪುಣ್ಯಾತ್ಮ!" ಅಧ್ಯಕ್ಷರು ವರದಿಗಾರನನ್ನು ತಬ್ಬಿಕೊಂಡರು, ಬಲಗೆನ್ನೆ ಚುಚ್ಚಿದ್ದರಿಂದ ತಕ್ಷಣ ಬಿಟ್ಟರು. "ನೀವು ಉಗಿದದ್ದಕ್ಕೆ ಇವತ್ತು ಗೆದ್ವಿ. ಆ ವಿಷಾದದ ಸಾಲು ಗೀಲು ಏನೂ ಬೇಡ, ಇನ್ಮೇಲೆ ಪ್ರತಿ ಪಂದ್ಯಕ್ಕೂ ಹೀಗೇ ಉಗೀಬೇಕು."

"ಉಗಿಯೋದಾ? ಇವತ್ತು ಚೆನ್ನಾಗಿ ಆಡಿದಾರಲ್ಲ!"

"ಅದಕ್ಕೇ ಹೇಳ್ತಿರೋದು," ಎಂದರು ತರಬೇತುದಾರರು. "ನಿಮ್ಮ ಹೊಗಳಿಕೆ ಓದಿ ಓದಿ ಹುಡುಗರು ಕೊಬ್ಬಿ ಹೋಗಿದ್ರು. ಅಭ್ಯಾಸಕ್ಕೆ ಕರೆದ್ರೆ 'ನಾವು ಸಿಂಹಗಳು, ನಮಗ್ಯಾಕೆ ಅಭ್ಯಾಸ' ಅಂತಿದ್ರು. ನಾಳೆ ನೀವು ಹೊಗಳಿದ್ರೆ ಮುಂದಿನ ಪಂದ್ಯದಲ್ಲಿ ಮತ್ತೆ ಕೈ ಬೀಸ್ತಾ ನಿಂತ್ಕೋತಾರೆ. ಬಾಗಿಲಿಗೆ ಅಂಟಿಸೋಕೆ ಏನಾದ್ರೂ ಖಾರವಾಗಿ ಬರೆದು ಕೊಡಿ ಸಾರ್."

ವರದಿಗಾರ ಸಂಪಾದಕರ ಕಡೆ ತಿರುಗಿದ. "ಸಾರ್, ಇದು ಅನ್ಯಾಯ. ನಾನು ಕಣ್ಣಾರೆ ನೋಡಿದೀನಿ. ಆ ಹುಡುಗ ಗಾಳೀಲಿ ಹಾರಿ ಪೆನಾಲ್ಟಿ ತಡೆದ. ಅದನ್ನ ಬರೀಬೇಡಿ ಅಂದ್ರೆ ಹೆಂಗೆ? ಬೆಳಿಗ್ಗೆ ನೋಡಿದ್ರೆ ಹಂಗಂದ್ರಿ, ಈಗ ನೋಡಿದ್ರೆ..."

"ಬೆಳಿಗ್ಗೆ ನಿಜ ಬರೀಬೇಡ ಅಂದೆ. ಈಗಲೂ ಅದನ್ನೇ ಹೇಳ್ತಿದೀನಿ," ಎಂದರು ಸಂಪಾದಕರು. "ನನ್ನ ಮಾತಲ್ಲಿ ಏನು ವ್ಯತ್ಯಾಸ ಬಂತಯ್ಯಾ?"

ಅವನು ಮತ್ತೆ ಕುರ್ಚಿಗೆ ಬಂದು ಕುಳಿತ. ತನ್ನ ಹಾಳೆಯನ್ನು ಇನ್ನೊಮ್ಮೆ ಓದಿದ. ಎಷ್ಟು ಚೆನ್ನಾಗಿತ್ತು! ಹೆಂಡತಿಯಾದರೂ ತನ್ನ ಪರ ನಿಂತಾಳು, ತಮ್ಮನ ಹೊಗಳಿಕೆಯೆಂದರೆ ಅವಳೇ ಬಂದು ಸಂಪಾದಕರೊಂದಿಗೆ ಜಗಳವಾಡುತ್ತಾಳೆ ಎಂದು ಯೋಚಿಸುತ್ತಿರುವಾಗಲೇ ಅವಳು ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಚಹಾದ ಫ್ಲಾಸ್ಕು. ಹಿಂದೆ ಕೆಸರು ಮೆತ್ತಿದ ಅಂಗಿಯಲ್ಲೇ ಅವಳ ತಮ್ಮ.

"ನೋಡೇ," ಎಂದು ಅವನು ಹಾಳೆಯನ್ನು ಅವಳ ಕೈಗೆ ತುರುಕಿದ. "ನಿನ್ನ ತಮ್ಮನ ಬಗ್ಗೆ ಏನು ಬರೆದಿದೀನಿ ಓದು. ಇವರು ಹಾಕಲ್ವಂತೆ!"

ಅವಳು ಓದಿದಳು. ಮುಖ ಬಿಳಿಚಿಕೊಂಡಿತು. ಹಾಳೆಯನ್ನು ಎರಡಾಗಿ ಹರಿದಳು.

"ರೀ, ನಿಮಗೇನು ತಲೆ ಕೆಟ್ಟಿದೆಯಾ? ಇವತ್ತು ತಾನೆ ಮನುಷ್ಯನಾಗಿದಾನೆ. ಹೊಗಳಿ ಅವನ ಬಾಳು ಹಾಳು ಮಾಡ್ತೀರಾ? ಅಮ್ಮ ಬೇರೆ ಹೇಳಿ ಕಳಿಸಿದಾರೆ, ಅಳಿಯಂದ್ರು ಈ ಸಲ ಇನ್ನೂ ಸ್ವಲ್ಪ ಜಾಸ್ತೀನೇ ಬೈಲಿ, ನಮ್ಮ ಮುಖ ನೋಡ್ಬೇಡಿ ಅಂತ."

ಭಾವಮೈದುನ ನಾಚಿಕೊಂಡು ಮುಂದೆ ಬಂದ. "ಹೌದು ಭಾವ. ಬೆಳಿಗ್ಗೆ ಓದಿದಾಗ ಸಿಟ್ಟು ಬಂದಿತ್ತು. ಸಂಜೆ ಆ ಸಿಟ್ಟಲ್ಲೇ ಹಾರಿದ್ದು. ನಿನ್ನೆ ಒಂದು ಸಾಲು ಬರೆದಿದ್ರಿ. ಇವತ್ತು ನನ್ನ ಮೇಲೆ ಒಂದು ಪ್ಯಾರಾ ಆಗೋದಿಲ್ವಾ?"

ಕೋಣೆಯಲ್ಲಿ ಎಲ್ಲರೂ ಅವನನ್ನೇ ನೋಡುತ್ತ ನಿಂತಿದ್ದರು. ಅವನ ಪರವಾಗಿ ಒಬ್ಬರೂ ಇರಲಿಲ್ಲ. ವರದಿಗಾರ ಹೊಸ ಹಾಳೆ ತೆಗೆದುಕೊಂಡ. ಕಣ್ಣಿನ ಮುಂದೆ ಆ ಹುಡುಗ ಇನ್ನೂ ಗಾಳಿಯಲ್ಲಿ ಹಾರುತ್ತಿದ್ದ. ಅದನ್ನು ನೋಡುತ್ತಲೇ, ಹಲ್ಲು ಕಚ್ಚಿ ಬರೆದ: 'ನಿನ್ನೆ ನಮ್ಮ ತಂಡ ಹೇಗೋ ಗೆದ್ದಿತು. ಹೊಡೆದದ್ದು ಮೂರೇ ಗೋಲು. ಸೋಮಾರಿಗಳಿಂದ ಇದಕ್ಕಿಂತ ಹೆಚ್ಚು ನಿರೀಕ್ಷಿಸುವಂತಿಲ್ಲ. ಪೆನಾಲ್ಟಿ ತಡೆದರೆಂದು ಗೋಲ್‌ಕೀಪರ್ ಬೀಗಬೇಕಾಗಿಲ್ಲ. ಅವರು ತೂಕಡಿಸಿ ಎಡಕ್ಕೆ ಬಿದ್ದರು. ಚೆಂಡು ದುರದೃಷ್ಟವಶಾತ್ ಅತ್ತಲೇ ಬಂತು. ಇಂಥವರನ್ನು ಸಾಕುತ್ತಿರುವ ಊರಿನ ತಾಳ್ಮೆ ದೊಡ್ಡದು.'

ಸಂಪಾದಕರು ಓದಿ ತಲೆದೂಗಿದರು. ಅಧ್ಯಕ್ಷರು ಅಂಗಿಯ ಬಣ್ಣವನ್ನೂ ಸ್ವಲ್ಪ ಬೈಯಬಹುದೇ ಎಂದು ಕೇಳಿದರು. ಹೆಂಡತಿ ಚಹಾ ಬಗ್ಗಿಸಿ ಕೊಟ್ಟಳು. ಕೊನೆಗೆ ಹಾಳೆ ಗೋಲ್‌ಕೀಪರನ ಕೈಗೆ ಬಂತು. ಅವನು ನಿಧಾನವಾಗಿ, ತುಟಿಯಲ್ಲೇ ಉಚ್ಚರಿಸಿಕೊಳ್ಳುತ್ತ ಎರಡು ಸಲ ಓದಿದ. ಕಣ್ಣು ಒದ್ದೆಯಾದವು.

"ಭಾವ," ಎಂದ, "ಇಷ್ಟು ವರ್ಷದಲ್ಲಿ ನನ್ನ ಬಗ್ಗೆ ನೀವು ಇಷ್ಟು ಚೆನ್ನಾಗಿ ಬರೆದೇ ಇರಲಿಲ್ಲ."